ಸೊಂಟದ ಮೂಳೆ ಬಿರುಕು ಬಿಟ್ಟಿದ್ದರೂ ನಡೆಸಬೇಕಾ?

ನಿಮ್ಮ ಅತ್ತೆಗೆ 70 ವರ್ಷ, ಬಚ್ಚಲಲ್ಲಿ ಜಾರಿ ಬಿದ್ದು ಪ್ಯೂಬಿಕ್ ರೇಮಸ್ (ಸೊಂಟದ ಮೂಳೆಯ ಮುಂಭಾಗ) ಬಿರುಕು ಬಿಟ್ಟಿದೆ. ಡಾಕ್ಟರು ಆಪರೇಷನ್ ಬೇಡ, ವಾಕರ್ ಹಿಡಿಸಿ ನಡೆಸಿ ಅಂದಿದ್ದಾರೆ. ಮುರಿದ ಮೂಳೆ ಇಟ್ಟುಕೊಂಡು ನಡೆಸೋದು ಹೇಗೆ ಅಂತ ಕೇಳಿದ್ದೀರಿ.

ಧೈರ್ಯವಾಗಿ ನಡೆಸಿ. ನಾನು ಡಾಕ್ಟರಲ್ಲ, ಆದರೆ ಎರಡು ವರ್ಷದ ಹಿಂದೆ ನನ್ನ ಅಮ್ಮನಿಗೂ ಹೀಗೇ ಆಗಿತ್ತು. ಮೊದಲು ಹೋದ ಕಡೆ ಎಕ್ಸ್‌ರೇ ನೋಡಿ "ಬರೀ ಪೆಟ್ಟು" ಅಂದರು. ಐದು ದಿನ ಮಲಗಿಸಿಯೇ ಇಟ್ಟೆವು. ತೊಡೆಸಂದಿನ ನೋವಿಗೆ ಅಮ್ಮನಿಗೆ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಬೇರೆ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಮಾಡಿದಾಗ ಮುಂದೆ ಒಂದು ಬಿರುಕು, ಹಿಂದೆ ಸೇಕ್ರಮ್‌ನಲ್ಲಿ, ಅಂದರೆ ಬೆನ್ನುಮೂಳೆಯ ಬುಡದ ಮೂಳೆಯಲ್ಲಿ, ಇನ್ನೊಂದು ಸಣ್ಣ ಬಿರುಕು ಕಂಡಿತು.

ಅಲ್ಲಿನ ಮೂಳೆ ಡಾಕ್ಟರು ಹೇಳಿದ್ದು ನನಗೆ ಚೆನ್ನಾಗಿ ಅರ್ಥವಾಯಿತು. ಪೆಲ್ವಿಸ್, ಅಂದರೆ ಸೊಂಟದ ಮೂಳೆಗಳ ಸುತ್ತು, ಬಳೆಯ ಹಾಗೆ. ಗಾಜಿನ ಬಳೆ ಒಂದೇ ಕಡೆ ಒಡೆಯೋದು ಅಪರೂಪ ಅಲ್ವಾ? ಹಾಗಾಗಿ ಮುಂದೆ ಬಿರುಕು ಇದ್ದರೆ ಹಿಂದೆಯೂ ಹುಡುಕಬೇಕು. ಎಕ್ಸ್‌ರೇಯಲ್ಲಿ ಹಿಂದಿನದು ಸುಲಭವಾಗಿ ತಪ್ಪಿಹೋಗುತ್ತದೆ. ಮೈಭಾರವೆಲ್ಲ ಬೆನ್ನುಮೂಳೆಯಿಂದ ಸೇಕ್ರಮ್‌ಗೆ, ಅಲ್ಲಿಂದ ತೊಡೆಯ ಕೀಲಿಗೆ ಇಳಿಯುತ್ತದೆ. ಮುಂದಿನ ಭಾಗ ಹೊರುವುದು ಕಡಿಮೆ. ಹಿಂಭಾಗ ಜರುಗದೆ ಗಟ್ಟಿಯಾಗಿದ್ದರೆ ನೋವು ತಡೆದುಕೊಳ್ಳಲು ಆಗುವಷ್ಟು ನಡೆಯಬಹುದು. ನಿಮ್ಮ ಅತ್ತೆಗೆ ಬೆನ್ನಿನ ಬುಡದಲ್ಲೂ ನೋವಿದ್ದರೆ ಸಿಟಿ ಬೇಕಾ ಅಂತ ಒಮ್ಮೆ ಕೇಳಿ.

ಬೈಕ್ ಅಪಘಾತದಲ್ಲಿ ಆಗುವ ಪೆಟ್ಟಿನ ಕತೆ ಬೇರೆ. ಅಲ್ಲಿ ಬಳೆ ಪೂರ್ತಿ ತೆರೆದುಕೊಂಡು ಒಳಗೇ ಜಾಸ್ತಿ ರಕ್ತ ಹೋಗಬಹುದು. ಅಂಥವರನ್ನು ಎಬ್ಬಿಸಿ ಕೂರಿಸಬಾರದು, ಸೊಂಟ ಅಲುಗಿಸಿ ನೋಡಬಾರದು.

ವಯಸ್ಸಾದವರಿಗೆ ಬಿರುಕಿಗಿಂತ ಹಾಸಿಗೆಯೇ ದೊಡ್ಡ ಶತ್ರು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು, ನ್ಯುಮೋನಿಯಾ, ಬೆನ್ನು ಹುಣ್ಣು, ಎಲ್ಲಾ ಮಲಗಿಯೇ ಇದ್ದರೆ ಬರುವ ಸಾಧ್ಯತೆ ಜಾಸ್ತಿ. ರಕ್ತ ಹೆಪ್ಪುಗಟ್ಟದಿರಲು ಇಂಜೆಕ್ಷನ್ ಬೇಕಾ ಅಂತಲೂ ಡಾಕ್ಟರನ್ನು ಕೇಳಿ.

ನಮ್ಮಮ್ಮ ಸದ್ದಿಲ್ಲದೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬಚ್ಚಲಿಗೆ ಹೋಗುವ ನೋವಿಗೆ ಹೆದರಿ. ನಾನಿಟ್ಟ ಚೊಂಬು ಸಂಜೆಗೂ ತುಂಬಿದ ಹಾಗೇ ಇರುತ್ತಿತ್ತು. ಮಂಚದ ಪಕ್ಕ ಕಮೋಡ್ ಕುರ್ಚಿ ತಂದಿಟ್ಟ ಮೇಲೆ ಕುಡಿಯಲು ಶುರು ಮಾಡಿದರು, ಮಲಬದ್ಧತೆಯೂ ಕಡಿಮೆಯಾಯಿತು. ಇದನ್ನು ಮೊದಲ ದಿನವೇ ತರಬೇಕಿತ್ತು. ನೀವು ಇವತ್ತೇ ತನ್ನಿ.

ಏಳಿಸುವ ಮುಕ್ಕಾಲು ಗಂಟೆ ಮೊದಲು ನೋವಿನ ಮಾತ್ರೆ ಕೊಡಿ. ಮಂಡಿಗಳ ನಡುವೆ ದಿಂಬಿಟ್ಟು ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ. ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಿಸಿ, ತಲೆ ಸುತ್ತುತ್ತದಾ ನೋಡಿ. ಆಮೇಲೆ ಮೊದಲು ವಾಕರ್, ನಂತರ ನೋವಿನ ಕಾಲು, ಕೊನೆಗೆ ಒಳ್ಳೆಯ ಕಾಲು. ಅಮ್ಮ ಮೊದಲ ದಿನ ಪಾದ ಎತ್ತಲೇ ಇಲ್ಲ, ನೆಲದ ಮೇಲೆ ಸರಿಸಿದರು. ಕಿಟಕಿವರೆಗೆ ಆರು ಹೆಜ್ಜೆ, ಅಷ್ಟೇ. ಎಂಟನೇ ವಾರಕ್ಕೆ ಸೊಪ್ಪಿನವಳ ಕೂಗು ಕೇಳಿ ತಾವೇ ಗೇಟಿನವರೆಗೆ ಹೋದರು. ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಬೇಕಾಗುತ್ತದೆ. ಅಲ್ಲಿವರೆಗೆ ಚಾಪೆ ಮೇಲೆ ಕೂರುವುದು ಬೇಡ.

ನೆಂಟರು ನಾಟಿ ಕಟ್ಟು, ಎಣ್ಣೆ ಹಚ್ಚಿ ತಿಕ್ಕೋದು ಅಂತ ಹೇಳುತ್ತಾರೆ. ಕೈಕಾಲಿನ ಹಾಗೆ ಈ ಮೂಳೆಗೆ ದಬ್ಬೆ ಕಟ್ಟಲು ಆಗುವುದಿಲ್ಲ. ಹೆಪ್ಪುಗಟ್ಟಿದ ರಕ್ತವಿರುವ ಕಾಲನ್ನು ತಿಕ್ಕುವುದಂತೂ ಅಪಾಯ. ಗೌರವದಿಂದಲೇ ಬೇಡ ಅನ್ನಿ.

ಸುಮ್ನೆ ಜಾರಿ ಬಿದ್ದಿದ್ದಕ್ಕೆ ಮೂಳೆ ಮುರಿದಿದೆ ಅಂದರೆ ಮೂಳೆ ಸವೆದಿರುವ ಸಾಧ್ಯತೆ ಜಾಸ್ತಿ. ಸ್ವಲ್ಪ ಚೇತರಿಸಿಕೊಂಡ ಮೇಲೆ ಡೆಕ್ಸಾ ಸ್ಕ್ಯಾನ್ (ಮೂಳೆ ಎಷ್ಟು ಗಟ್ಟಿ ಅಂತ ನೋಡುವ ಪರೀಕ್ಷೆ), ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಇಲ್ಲದಿದ್ದರೆ ಮುಂದಿನ ಸಲ ತೊಡೆಯ ಮೂಳೆ ಮುರಿಯಬಹುದು.

ಒಂದು ಕಾಲಿನ ಮೀನಖಂಡ ಊದಿಕೊಂಡರೆ, ಮೂತ್ರ ಕಟ್ಟಿಕೊಂಡರೆ, ಕೂರುವ ಜಾಗದಲ್ಲಿ ಸ್ಪರ್ಶವೇ ಗೊತ್ತಾಗದಿದ್ದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಾತ್ರಿಯಾದರೂ ಕಾಯಬೇಡಿ, ಕೂಡಲೇ 108ಕ್ಕೆ ಫೋನ್ ಮಾಡಿ.