ಶಬ್ಬತ್ ದಿನ ಕಾದಂಬರಿ ಓದಬಹುದಾ?

ನಿಮ್ಮ ಯೆಹೂದಿ ಗೆಳೆಯರಿಗೆ ಶನಿವಾರ ಓದೋಕೆ ಕಾದಂಬರಿ ಕೊಟ್ಟರೆ ತಪ್ಪಾಗುತ್ತಾ ಅಂತ ಕೇಳಿದ್ದೀರಿ. ಒಂದೇ ಉತ್ತರ ಇಲ್ಲ. ಆದರೆ ಶಬ್ಬತ್, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿ ದಿನವನ್ನು ಕಟ್ಟುನಿಟ್ಟಾಗಿ ಪಾಲಿಸುವವರಲ್ಲೂ ಎಷ್ಟೋ ಜನ ಕಥೆ, ಕಾದಂಬರಿ ಓದುತ್ತಾರೆ.

ತಕರಾರಿನ ಬೇರು ಇರೋದು ಊಟದ ಪಟ್ಟಿಯಲ್ಲಿ! ಯೆಹೂದಿಗಳ ಪ್ರಾಚೀನ ಕಾನೂನು ಸಂಗ್ರಹವಾದ ಮಿಶ್ನಾ ಪ್ರಕಾರ ಮನೆಯವನು ಅತಿಥಿಗಳನ್ನೂ ಅಡುಗೆಗಳನ್ನೂ ಬಾಯಲ್ಲಿ ಎಣಿಸಬಹುದು, ಬರೆದಿಟ್ಟದ್ದನ್ನು ನೋಡಿ ಓದುವಂತಿಲ್ಲ. ನೆಂಟರು ಜಾಸ್ತಿಯಾದರು ಅಂತ ಒಂದು ಹೆಸರು ಅಳಿಸಿಬಿಟ್ಟರೆ? ಅಳಿಸೋದು ಆ ದಿನ ನಿಷಿದ್ಧ. ಸಾಲಪತ್ರ, ಲೆಕ್ಕಪತ್ರಗಳಿಗೂ ತಡೆ ಬಿತ್ತು.

16ನೇ ಶತಮಾನದಲ್ಲಿ ಧರ್ಮಪಂಡಿತ ಯೋಸೆಫ್ ಕಾರೋ ತಮ್ಮ ಧಾರ್ಮಿಕ ನಿಯಮಗಳ ಗ್ರಂಥ ಶುಲ್ಹಾನ್ ಆರುಖ್‌ನಲ್ಲಿ ಯುದ್ಧದ ಕಥೆ, ಪ್ರೇಮಕಥೆಗಳೂ ಬೇಡ ಅಂದರು. ಪೋಲೆಂಡಿನ ಪಂಡಿತ ಮೋಶೆ ಇಸ್ಸೆರ್ಲೆಸ್, ಬರಹ ಹೀಬ್ರೂನಲ್ಲಿದ್ದರೆ ಅಷ್ಟು ಬಿಗಿ ಬೇಡ ಅಂದರು. ಭಾಷೆ ನೋಡಿ ರಿಯಾಯಿತಿ, ತಮಾಷೆ ಅಲ್ವಾ? ವೈದ್ಯಕೀಯದಂಥ ಪುಸ್ತಕಗಳಿಗೆ ಒಪ್ಪಿಗೆ ಕೊಟ್ಟವರೂ ಇದ್ದರು.

ಹಾಗಾಗಿ ಧೈರ್ಯವಾಗಿ ಕೊಡಿ, ಮೊದಲು ಅವರನ್ನೇ ಒಂದು ಮಾತು ಕೇಳಿ. ಕಾಗದದ ಪುಸ್ತಕವೇ ಇರಲಿ. ಸಂಪ್ರದಾಯಸ್ಥರು ಆ ದಿನ ಕಿಂಡಲ್‌ನಂಥ ವಿದ್ಯುತ್ ಸಾಧನ ಮುಟ್ಟಲ್ಲ. ಇಷ್ಟವಾದ ಸಾಲಿಗೆ ಪೆನ್ಸಿಲ್‌ನಲ್ಲಿ ಗೀಟು ಹಾಕೋಕೂ ಅವರು ಶನಿವಾರ ಕತ್ತಲಾಗುವ ತನಕ ಕಾಯಬೇಕು.