ಫುಟ್ಸಾಲ್ ಚೆಂಡು ಪುಟಿಯುತ್ತಿಲ್ಲ, ಗಾಳಿ ತುಂಬಿಸಬೇಕಾ?

ಪ್ರಶ್ನೆ: ಮಗ ಫುಟ್ಸಾಲ್ ತಂಡ ಸೇರಿದ್ದಾನೆ. ಹೊಸ ಚೆಂಡು ಕೊಡಿಸಿದೆವು, ಸರಿಯಾಗಿ ಪುಟಿಯುವುದೇ ಇಲ್ಲ. ಗಾಳಿ ತುಂಬಿಸಲಾ? ಅಂದಹಾಗೆ, ಇದು ಸಣ್ಣ ಜಾಗದಲ್ಲಿ ಆಡುವ ಫುಟ್ಬಾಲ್ ಅಷ್ಟೇ ಅಲ್ವಾ? ಹುಟ್ಟಿದ್ದೆಲ್ಲಿ?

ಉತ್ತರ: ಪಂಪ್ ಎತ್ತಿಡಿ. ಚೆಂಡು ಕೆಟ್ಟಿಲ್ಲ, ಅದು ಇರಬೇಕಾದದ್ದೇ ಹಾಗೆ. 2 ಮೀಟರ್ ಎತ್ತರದಿಂದ ಕೈಬಿಟ್ಟು ನೋಡಿ. ಮೊದಲ ಸಲ 50ರಿಂದ 65 ಸೆಂಟಿಮೀಟರ್ ಎದ್ದರೆ ನಿಯಮಕ್ಕೆ ಸರಿ. ಮಾಮೂಲಿ ಚೆಂಡು ಗಟ್ಟಿ ನೆಲದ ಮೇಲೆ ಹೇಳಿದ ಮಾತು ಕೇಳುವುದಿಲ್ಲ. ಇದು ಕಾಲ ಹತ್ತಿರವೇ ಉಳಿಯುತ್ತದೆ.

ಈ ಆಟ ಹುಟ್ಟಿದ್ದು ಉರುಗ್ವೆಯ ಮಾಂಟೆವಿಡಿಯೊದಲ್ಲಿ, 1930ರಲ್ಲಿ. ಅದೇ ವರ್ಷ, ಅದೇ ಊರಿನಲ್ಲಿ ಉರುಗ್ವೆ ಮೊದಲ ವಿಶ್ವಕಪ್ ಗೆದ್ದದ್ದು. ಅಲ್ಲಿನ ವೈಎಂಸಿಎಯಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಮೇಷ್ಟ್ರು ಒಳಾಂಗಣದಲ್ಲಿ ಆಡುವ ಫುಟ್ಬಾಲ್‌ಗೆ ನಿಯಮ ಬರೆದರು. ಮೇಷ್ಟ್ರು ಸಂಕೋಚವಿಲ್ಲದೆ ಬೇರೆ ಆಟಗಳಿಂದ ನಿಯಮ ಸಾಲ ತಂದರು! ತಂಡಕ್ಕೆ ಐದು ಜನ, 40 ನಿಮಿಷದ ಆಟ ಎನ್ನುವುದು ಬ್ಯಾಸ್ಕೆಟ್‌ಬಾಲ್‌ನದು. 3 ಮೀಟರ್ ಅಗಲ, 2 ಮೀಟರ್ ಎತ್ತರದ ಗೋಲು ಹ್ಯಾಂಡ್‌ಬಾಲ್‌ನದು. ಗೋಲ್‌ಕೀಪರ್ ನಿಯಮಗಳು ವಾಟರ್ ಪೋಲೊದವು.

ಸಣ್ಣ ಫುಟ್ಬಾಲ್ ಅಷ್ಟೇ ಅಂತ ನಾನೂ ಅಂದುಕೊಂಡಿದ್ದೆ. ವರ್ಷಗಟ್ಟಲೆ ಬಯಲಿನಲ್ಲಿ ಡಿಫೆಂಡರ್ ಆಗಿ ಆಡಿದವನು ನಾನು. ಕಷ್ಟ ಬಂದರೆ ಚೆಂಡನ್ನು ಜೋರಾಗಿ ಹೊರಗೆ ಒದ್ದು ಉಸಿರು ಬಿಡುವುದು ಅಭ್ಯಾಸ. ಫುಟ್ಸಾಲ್‌ನ ಮೊದಲ ದಿನವೂ ಹಾಗೇ ಮಾಡಿದೆ. ಇಲ್ಲಿ ಥ್ರೋ-ಇನ್ ಇಲ್ಲ, ಗೆರೆಯ ಮೇಲಿಟ್ಟು ಕಾಲಿನಿಂದಲೇ ಒದೆಯಬೇಕು, ಅದೂ 4 ಸೆಕೆಂಡಿನೊಳಗೆ. ನಾನು ಸೊಂಟದ ಮೇಲೆ ಕೈಯಿಟ್ಟು ತಿರುಗುವಷ್ಟರಲ್ಲಿ ಎದುರಾಳಿಗಳು ಪಾಸ್ ಕೊಟ್ಟು ಗೋಲು ಹೊಡೆದಾಗಿತ್ತು. ಹೊತ್ತು ಕಳೆಯುವ ಆಟವೂ ನಡೆಯುವುದಿಲ್ಲ. ಚೆಂಡು ಹೊರಗೆ ಹೋದರೆ ಗಡಿಯಾರವೇ ನಿಲ್ಲುತ್ತದೆ.

ಆಫ್‌ಸೈಡ್ ಇಲ್ಲ, ಅಂದರೆ ಎದುರಾಳಿ ಗೋಲಿನ ಹತ್ತಿರ ಮೊದಲೇ ಹೋಗಿ ನಿಂತು ಪಾಸ್ ಪಡೆದರೂ ತಪ್ಪಲ್ಲ. ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಫೌಲ್ ಲೆಕ್ಕ ಮಾತ್ರ ಬಿಗಿ: ಫ್ರೀ ಕಿಕ್ ಕೊಡುವಂಥ ಫೌಲ್ ಒಂದು ಅರ್ಧದಲ್ಲಿ ತಂಡದಿಂದ ಐದು ದಾಟಿದರೆ, ಆರನೆಯದರಿಂದ ಮುಂದೆ ಆ ಫ್ರೀ ಕಿಕ್‌ಗೆ ಆಟಗಾರರು ಸಾಲಾಗಿ ನಿಂತು ಅಡ್ಡ ಗೋಡೆ ಕಟ್ಟುವಂತಿಲ್ಲ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಮಗನಿಗೆ ಅಡಿಯಲ್ಲಿ ಸ್ಟಡ್ (ಉಬ್ಬಿದ ಗುಬ್ಬಿಗಳು) ಇರುವ ಬೂಟು ಹಾಕಿ ಕಳಿಸಬೇಡಿ, ಹಾಲ್‌ನ ನೆಲದಲ್ಲಿ ಜಾರುತ್ತದೆ. ಚಪ್ಪಟೆ ರಬ್ಬರ್ ಅಡಿಯದ್ದು ಕೊಡಿಸಿ.