ಆ ಟಕಟಕ ಸದ್ದು ಯಾತರದು?

ಪತ್ರ: ನಮ್ಮೂರ ಜಾತ್ರೆಗೆ ಬಂದ ಜೈಂಟ್ ವೀಲನ್ನು ತಪಾಸಣೆಯಾಗಿಲ್ಲವೆಂದು ಎರಡು ದಿನ ನಿಲ್ಲಿಸಿದರು. ಹುಡುಗರ ಮುಖ ನೋಡಲಾಗಲಿಲ್ಲ. ಸುರಕ್ಷತೆ ಅಂತ ಜಾತ್ರೆಯ ಮಜಾನೇ ತೆಗೆದುಬಿಟ್ಟರಲ್ಲ?
– ಓದುಗರು, ಜಮಖಂಡಿ

ಉತ್ತರ: ಎರಡು ದಿನದ ದುಡಿಮೆ ಹೋದರೆ ತೊಟ್ಟಿಲಿನವರ ಹೊಟ್ಟೆಗೆ ಪೆಟ್ಟು, ನಿಜ. ತಪಾಸಣೆ ಜಾತ್ರೆಗೆ ಮೊದಲೇ ಮುಗಿಯಬೇಕಿತ್ತು. ಮಜಾ ಹೋಯಿತೆಂಬ ಮಾತನ್ನು ಮಾತ್ರ ಒಪ್ಪಲಾರೆ.

ರೋಲರ್ ಕೋಸ್ಟರ್ ಏರು ಹತ್ತುವಾಗ ಟಕಟಕ ಎನ್ನುತ್ತದಲ್ಲ, ಎದೆ ಹೊಡೆದುಕೊಳ್ಳುವುದೇ ಆ ಸದ್ದಿಗೆ. ಗಾಡಿಯ ಅಡಿಯ ಕೊಂಡಿ ಹಳಿ ನಡುವಿನ ಹಲ್ಲುಗಳ ಮೇಲೆ ಒಂದೊಂದಾಗಿ ಬೀಳುವ ಸದ್ದು ಅದು. ಗಾಡಿಯನ್ನು ಮೇಲಕ್ಕೆಳೆಯುವ ಸರಪಳಿ ಕಡಿದರೂ ಅದು ಹಿಂದೆ ಜಾರದಿರಲೆಂದು ಇಟ್ಟದ್ದು. ಮಜಾ ಕೊಡುವ ಸದ್ದೇ ಸುರಕ್ಷತೆಯ ಸದ್ದು. 1919ರಲ್ಲಿ ಅಮೆರಿಕದಲ್ಲಿ ರೋಲರ್ ಕೋಸ್ಟರ್ ಕಟ್ಟುತ್ತಿದ್ದ ಜಾನ್ ಮಿಲ್ಲರ್ ಹಳಿಯನ್ನು ಕೆಳಗಿನಿಂದಲೂ ಹಿಡಿಯುವ ಚಕ್ರಕ್ಕೆ ಪೇಟೆಂಟ್ ಪಡೆದರು. ಗಾಡಿ ಹಳಿ ಬಿಟ್ಟು ಏಳದೆಂಬ ಭರವಸೆ ಬಂದ ಮೇಲೆಯೇ ಕಡಿದಾದ ಇಳಿಜಾರು ಕಟ್ಟುವ ಧೈರ್ಯ ಬಂದದ್ದು.

ಜಾತ್ರೆಯ ತೊಟ್ಟಿಲಿನ ಪಾಡು ಬೇರೆ. ಊರಿಂದೂರಿಗೆ ಬಿಚ್ಚಿ ಕಟ್ಟುವ ಯಂತ್ರವದು. ಬಿಚ್ಚಿದಷ್ಟು ಸಲ ಪಿನ್ನು ಸವೆಯುತ್ತದೆ, ತೂತು ಅಗಲವಾಗುತ್ತದೆ, ಪಿನ್ನು ಜಾರದಂತೆ ತಡೆಯುವ ಸ್ಪ್ಲಿಟ್ ಪಿನ್ನು ಕಳೆದುಹೋದರೆ ಅದರ ಜಾಗಕ್ಕೆ ಮೊಳೆಯೋ ತಂತಿಯೋ ಬರುತ್ತದೆ. ನಮ್ಮ ಎರಿ ನೆಲವೋ, ನೀರು ಕುಡಿದರೆ ಮೆತ್ತಗಾಗಿ ಇಳಿಯುವಂಥದ್ದು. ಅದಕ್ಕೇ ಬುಡಕ್ಕೆ ದಪ್ಪ ದಿಮ್ಮಿ (ಸ್ಲೀಪರ್) ಹಾಕಬೇಕು, ದಿನಾ ಬೆಳಿಗ್ಗೆ ರಸಮಟ್ಟ ಇಟ್ಟು ನೋಡಬೇಕು. ವೆಲ್ಡಿಂಗಿನ ಸಣ್ಣ ಬಿರುಕು ಬರಿಗಣ್ಣಿಗೆ ಕಾಣದು. ಬಣ್ಣ ಕೆರೆದು, ಜಿಡ್ಡು ತೆಗೆದು, ಬಿರುಕಿನೊಳಗೆ ಇಳಿಯುವ ಕೆಂಪು ದ್ರವ ಹಚ್ಚಿ ಹತ್ತು ನಿಮಿಷವಾದರೂ ಬಿಟ್ಟು ಒರೆಸಬೇಕು. ಮೇಲೆ ಆ ದ್ರವವನ್ನು ಹೊರಗೆಳೆಯುವ ಬಿಳಿ ಡೆವಲಪರ್ ಸಿಂಪಡಿಸಿದರೆ, ಬಿರುಕಿದ್ದಲ್ಲಿ ಕೂದಲೆಳೆಯಂಥ ಕೆಂಪು ಗೆರೆ ಮೂಡುತ್ತದೆ. ಜನರನ್ನು ಕೂರಿಸುವಾಗಲೂ ಎದುರುಬದುರು ತೊಟ್ಟಿಲು ತುಂಬಬೇಕು. ಒಂದೇ ಮಗ್ಗುಲು ತುಂಬಿದರೆ ಭಾರವೆಲ್ಲ ಬ್ರೇಕಿನ ಮೇಲೆ. 2019ರ ಜುಲೈನಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗಾಡುವ ಯಂತ್ರ ಮುರಿದು ಬಿದ್ದು ಇಬ್ಬರು ಸತ್ತರು. ಇದಕ್ಕೆಲ್ಲ ಎರಡು ದಿನ ಹೆಚ್ಚೇ?

ಅದಿರಲಿ, ಅದೇ ಜಾತ್ರೆಗೆ ಜನ ಬರುವುದಾದರೂ ಹೇಗೆ? ಟ್ರ್ಯಾಕ್ಟರ್ ಟ್ರೇಲರಿನಲ್ಲಿ! ಕಬ್ಬಿನ ಹಂಗಾಮಿನಲ್ಲಿ ಮುಧೋಳ, ಗೋಕಾಕ, ಅಥಣಿಯ ರಸ್ತೆ ನೋಡಿ. ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್, ಎಷ್ಟೋ ಗಾಡಿಗೆ ಹಿಂದೆ ದೀಪವಿಲ್ಲ, ರಿಫ್ಲೆಕ್ಟರಿಲ್ಲ. ಟ್ರೇಲರಿಗೆ ಸ್ವಂತ ಬ್ರೇಕಿಲ್ಲದಿದ್ದರೆ ಇಳಿಜಾರಿನಲ್ಲಿ ಅದೇ ಟ್ರ್ಯಾಕ್ಟರನ್ನು ದಬ್ಬಿ ಅಡ್ಡ ತಿರುಗಿಸುತ್ತದೆ. 1872ರಲ್ಲೇ ಜಾರ್ಜ್ ವೆಸ್ಟಿಂಗ್‌ಹೌಸ್ ರೈಲಿಗೆ ಮಾಡಿಕೊಟ್ಟ ಬ್ರೇಕು ಗಾಳಿಯ ಪೈಪು ಕಡಿದರೆ ತಾನೇ ಬಿಗಿಯುತ್ತದೆ, ಕಳಚಿದ ಡಬ್ಬಿಯೂ ನಿಲ್ಲುತ್ತದೆ. ಕಬ್ಬಿನ ಟ್ರೇಲರಿನ ಪಿನ್ನು ಜಿಗಿದರೆ ಅದನ್ನು ನಿಲ್ಲಿಸಲು ಏನಿದೆ?

ಹುಡುಗರ ಮೇಲಿನ ನಿಮ್ಮ ಅಕ್ಕರೆ ದೊಡ್ಡದು. ಮುಂದಿನ ಜಾತ್ರೆಯಲ್ಲಿ ಅವರನ್ನು ಹತ್ತಿಸುವ ಮುಂಚೆ ತೊಟ್ಟಿಲ ಬಾಗಿಲಿನ ಚಿಲಕಕ್ಕೆ ಪಿನ್ನಿದೆಯೋ, ತಂತಿ ಸುತ್ತಿದೆಯೋ ನೋಡಿ. ತಂತಿಯಿದ್ದರೆ ಹುಡುಗರನ್ನು ಹತ್ತಿಸದೆ ನೇರ ಜಾತ್ರೆ ಕಮಿಟಿಯವರ ಹತ್ತಿರ ಹೋಗಿ.